ಬಾಂಡ್ ಪೇಪರಿನ ಮಗು ಬೇಡ

ಕೂಸು ದತ್ತಕ ತಗೊಂಡೀವ್ರಿ ಅಂದರೆ ಸಾಕು, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: “ಕೋರ್ಟಿನ ಕೆಲಸ ಎಲ್ಲಾ ಮುಗೀತೇನ್ರಿ?” ಈ ಪ್ರಶ್ನೆಗೆ ಈಗ ವಯಸ್ಸಾಗಿದೆ. ಬಾಲನ್ಯಾಯ ಕಾಯ್ದೆಯ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೇಲೆ, ಆ ಕಾಯ್ದೆಯಡಿಯ ದತ್ತು ಆದೇಶಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಅದೂ ಮಗು ಇದ್ದ ದತ್ತು ಕೇಂದ್ರ ಯಾವ ಜಿಲ್ಲೆಯದೋ ಆ ಜಿಲ್ಲೆಯ ಡಿಸಿ. ವಿಚಾರಣೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಆದೇಶ ಆಗಬೇಕು ಎನ್ನುತ್ತದೆ ಕಾನೂನು.

ಅಣ್ಣನ ಮಗನನ್ನು ತಮ್ಮ ದತ್ತಕ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಹಿಂದೂಗಳಿಗೆ 1956ರ ದತ್ತಕ ಕಾಯ್ದೆ ಇದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕಪತ್ರ ನೋಂದಾಯಿಸಬಹುದು. ದತ್ತಹೋಮ ಮಾಡಿಸಲೇಬೇಕೆಂದೂ ಇಲ್ಲ. ಆದರೆ ಸವಣೂರು, ಶಿಗ್ಗಾವಿಯ ಮುಸ್ಲಿಂ ಮನೆಗಳ ಕಥೆ? ಶರೀಯತ್ತಿನಲ್ಲಿ ದತ್ತಕ ಇಲ್ಲ, ನಮಗೆ ದಾರಿಯೇ ಇಲ್ಲ ಎಂದು ಸುಮ್ಮನಾದವರು ಎಷ್ಟೋ ಮಂದಿ. ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ: ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಇಷ್ಟವಿಲ್ಲದವರಿಗೆ ಬಲವಂತವಿಲ್ಲ. ಶಿಶುನಾಳ ಷರೀಫರ ಹೆಗಲಿಗೆ ಕಳಸದ ಗೋವಿಂದಭಟ್ಟರು ಜನಿವಾರ ಹಾಕಿದರೆಂದು ಹೆಮ್ಮೆಯಿಂದ ಹೇಳುವ ಸೀಮೆ ನಮ್ಮದು. ಕೋರ್ಟಿನ ಈ ಮಾತನ್ನೂ ಅಷ್ಟೇ ಜೋರಾಗಿ ಹೇಳಬೇಡವೇ?

ಸಿಟ್ಟು ಬರುವುದು ಅಡ್ಡದಾರಿಯ ಮೇಲೆ. “ಆಸ್ಪತ್ರಿಯಾಗ ಒಂದು ಕೂಸು ಐತಿ, ಬಾಂಡ್ ಬರಸಿ ಕೊಡಸ್ತೀನಿ” ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆ ಬಾಂಡಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ. ಮಗುವನ್ನು ಕೊಂಡರೂ ಮಾರಿದರೂ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಕೈ ಹಾಕಿದ್ದರೆ ಮೂರರಿಂದ ಏಳು ವರ್ಷ. ನೇರ ದಾರಿಯಲ್ಲಿ ಕಾಯಬೇಕು, ನಿಜ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು, ಮನೆ ನೋಡಲು ಬಂದವರು ಕೇಳಿದ್ದಕ್ಕೆಲ್ಲ ಉತ್ತರಿಸಬೇಕು, ಸರದಿ ಬರುವವರೆಗೆ ತಾಳ್ಮೆ ಬೇಕು. ಮಗು ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ. ಬರಲಿ ಬಿಡಿ, ಚಹಾ ಕುಡಿದು ಹೋಗಲಿ.

ಆದೇಶ ಕೈಗೆ ಬಂದ ದಿನದ ಸಂಭ್ರಮವೇ ಬೇರೆ. ಎರಡು ವರ್ಷದ ಕೂಸಿಗೆ ತೊಟ್ಟಿಲು ಸಣ್ಣದಾಗುತ್ತದೆ, ಕಾಲು ಹೊರಗೆ ಚಾಚುತ್ತದೆ. ಆದರೂ ಅಜ್ಜಿ ತೊಟ್ಟಿಲು ಕಟ್ಟಿಯೇ ತೀರುತ್ತಾಳೆ. ಸೋದರತ್ತೆ ಕಿವಿಯಲ್ಲಿ ಹೆಸರು ಕೂಗುತ್ತಾಳೆ, ತಾಯಿಯಾದವಳ ಉಡಿ ತುಂಬುತ್ತಾರೆ. ಬಂದವರಿಗೆಲ್ಲ ಹೋಳಿಗೆ ಊಟ, ಮೇಲೆ ಸವಣೂರ ಎಲೆ. ಜನನ ಪ್ರಮಾಣಪತ್ರದಲ್ಲೂ ಅಪ್ಪ-ಅವ್ವನ ಜಾಗದಲ್ಲಿ ಇವರದೇ ಹೆಸರು. ಇಷ್ಟೆಲ್ಲ ಮಾಡಿಯೂ ಕೆಲವರು “ಮಗುವಿಗೆ ಗೊತ್ತಾಗೋದು ಬ್ಯಾಡ” ಎಂದು ಪಿಸುಗುಡುತ್ತಾರೆ. ಊರಿಗೆಲ್ಲ ಊಟ ಹಾಕಿದ ಸುದ್ದಿಯನ್ನು ಮಗುವಿನಿಂದ ಮಾತ್ರ ಮುಚ್ಚಿಡುವುದು ಯಾವ ಲೆಕ್ಕ? ಅಪ್ಪ-ಅವ್ವನೇ ಹೇಳಲಿ, ಜಗಳದ ಹೊತ್ತಿನಲ್ಲಿ ಓಣಿಯವರು ಹೇಳುವ ಮೊದಲು.

ಜಿಲ್ಲಾಧಿಕಾರಿಗಳಿಗೂ ಒಂದು ಮಾತು. ನಿಮ್ಮ ಮೇಜಿನ ಮೇಲೆ ನೆರೆ, ಬೆಳೆವಿಮೆ, ಚುನಾವಣೆಯ ಕಡತಗಳು ಸದಾ ಇರುತ್ತವೆ. ತಿಂಗಳಲ್ಲಿ ಒಂದು ದಿನವನ್ನು ದತ್ತು ಕಡತಗಳಿಗೆಂದೇ ಮೀಸಲಿಡಿ, ಆ ದಿನ ಯಾವುದೆಂದು ಮುಂಚಿತವಾಗಿ ತಿಳಿಸಿ. ಊರಿಂದ ಬಸ್ ಹತ್ತಿ ಬರುವವರ ಕಂಕುಳಲ್ಲಿ ಕೂಸಿರುತ್ತದೆ.