ಖರಾಬು ಕಳೆದು ಉಳಿದ ಮೆಮೊರಿ

ಹೊಲ ಕೊಳ್ಳುವವನು ಮೊದಲು ಪಹಣಿ ನೋಡುತ್ತಾನೆ. ಒಟ್ಟು ವಿಸ್ತೀರ್ಣ ನಾಲ್ಕು ಎಕರೆ ಎಂದಿದ್ದರೂ ಅದರಲ್ಲಿ ಹಳ್ಳ, ದಾರಿ, ಬಂಡೆ ಎಂದು ಒಂದಿಷ್ಟು ಖರಾಬು ಸೇರಿರುತ್ತದೆ. ಅದನ್ನು ಕಳೆದು ಉಳಿದದ್ದಷ್ಟೇ ಸಾಗುವಳಿಗೆ. ಕಂಪ್ಯೂಟರಿನ ಮೆಮೊರಿಯ ಸಂಗತಿಯೂ ಹೀಗೆಯೇ. ಅಂಗಡಿಯವನು 8 ಜಿ.ಬಿ. ಎಂದು ಬಿಲ್ ಬರೆದಿರುತ್ತಾನೆ. ಯಂತ್ರ ಚಾಲೂ ಆದ ಮೇಲೆ ತೆರೆಯಲ್ಲಿ ಕಾಣುವ ಲೆಕ್ಕ ಅದಕ್ಕಿಂತ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ, ಖರಾಬಿಗೆ ಹೋಗಿದೆ.

ಈ ಲೆಕ್ಕ ಹಾಕುವುದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿನಲ್ಲೇ ಅದು ಮೆಮೊರಿಯ ಒಂದು ಮೂಲೆಗೆ ಬಂದು ಕೂರುತ್ತದೆ. ತಾನು ಬಂದಿಳಿದ ಮನೆ ಎಷ್ಟು ದೊಡ್ಡದು, ಯಾವ ಕೋಣೆಗೆ ಬೀಗವಿದೆ, ಯಾವುದು ಖಾಲಿ ಎಂಬುದು ಆಗ ಅದಕ್ಕೆ ಗೊತ್ತಿರುವುದಿಲ್ಲ. ಆದರೆ ಮುಂದೆ ಬರುವ ಪ್ರತಿ ಪ್ರೋಗ್ರಾಮಿಗೂ ಜಾಗ ಹಂಚಬೇಕಾದದ್ದು ಅದೇ. ಹಂಚಿಕೆ ತಪ್ಪಿದರೆ ಯಂತ್ರ ನಿಂತುಹೋಗುತ್ತದೆ. ನಿಲ್ಲದಿದ್ದರೆ ಇನ್ನೂ ಕೆಟ್ಟದ್ದು: ಯಾರದೋ ಪತ್ರದ ಸಾಲು, ಯಾವುದೋ ಲೆಕ್ಕದ ಅಂಕಿ ಸದ್ದಿಲ್ಲದೆ ಕೆಡುತ್ತದೆ.

ಕರ್ನೆಲ್ ತಾನೇ ತಡವಿ ನೋಡಬಾರದೆ? ಒಂದೊಂದು ವಿಳಾಸಕ್ಕೂ ಒಂದು ಅಂಕಿ ಬರೆಯುವುದು, ಮತ್ತೆ ಓದುವುದು. ಬರೆದದ್ದೇ ಬಂದರೆ ಅಲ್ಲಿ ಮೆಮೊರಿ ಇದೆ ಎನ್ನುವುದು. ಹಳೆಯ ಪಿ.ಸಿ.ಗಳು ಚಾಲೂ ಆಗುವಾಗ ತೆರೆಯ ಮೇಲೆ ಕೆ.ಬಿ. ಲೆಕ್ಕ ಏರುತ್ತಿದ್ದುದು ಇಂಥದೇ ಪರೀಕ್ಷೆಯಿಂದ. ಆದರೆ ಎಲ್ಲ ವಿಳಾಸಗಳ ಹಿಂದೆಯೂ ಮೆಮೊರಿಯೇ ಇರುವುದಿಲ್ಲ. ಕೆಲವು ವಿಳಾಸಗಳಲ್ಲಿ ವಿಡಿಯೊ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳು ಕುಳಿತಿರುತ್ತವೆ. ಅಲ್ಲಿ ಬರೆದ ಅಂಕಿ ಆ ಸಾಧನಕ್ಕೆ ಆಜ್ಞೆಯಾಗಿಬಿಡುತ್ತದೆ. ಕತ್ತಲಲ್ಲಿ ಗೋಡೆ ತಡವುವವನ ಕೈಗೆ ಸ್ವಿಚ್ಚೂ ಸಿಗಬಹುದು, ಹಾವೂ ಸಿಗಬಹುದು.

ಆದ್ದರಿಂದ ಕರ್ನೆಲ್ ತನಗಿಂತ ಮೊದಲೇ ಎದ್ದವರನ್ನು ಕೇಳುತ್ತದೆ. ಯಂತ್ರದೊಳಗೆ ಮೊದಲು ಏಳುವುದು ಬಯೋಸ್. ಮೆಮೊರಿ ಪಟ್ಟಿಗಳ ಮೇಲಿರುವ ಪುಟ್ಟ ಚಿಪ್ಪನ್ನು ಓದಿ, ಪಟ್ಟಿಯ ಗಾತ್ರ ತಿಳಿದು, ಅದನ್ನು ಕೆಲಸಕ್ಕೆ ಹಚ್ಚುವುದು ಅದೇ. ಹೀಗಾಗಿ ಊರಿನ ಶಾನುಭೋಗನಂತೆ ಲೆಕ್ಕವೆಲ್ಲ ಅದರ ಬಳಿ ಇರುತ್ತದೆ.

ಆದರೆ ಶಾನುಭೋಗನ ಲೆಕ್ಕಕ್ಕೂ ಇತಿಹಾಸವಿದೆ. 1981ರಲ್ಲಿ ಬಂದ ಐಬಿಎಂ ಪಿ.ಸಿ.ಯ 8088 ಚಿಪ್ಪಿಗೆ ಇದ್ದ ವಿಳಾಸದ ಗೆರೆಗಳು 20. ಅದು ಮುಟ್ಟಬಲ್ಲ ಜಾಗ 1 ಎಂ.ಬಿ. ಮಾತ್ರ. ಅದರಲ್ಲಿ ಕೆಳಗಿನ 640 ಕೆ.ಬಿ. ಪ್ರೋಗ್ರಾಮುಗಳಿಗೆ, ಮೇಲಿನ 384 ಕೆ.ಬಿ. ತೆರೆಯ ಚಿತ್ರಕ್ಕೆ, ಬಯೋಸ್‌ಗೆ ಮೀಸಲು. 1984ರ ಪಿ.ಸಿ. ಎ.ಟಿ.ಯ 80286 ಚಿಪ್ 16 ಎಂ.ಬಿ. ಮುಟ್ಟಬಲ್ಲದಾಯಿತು. ಆದರೂ ಹೊಲದ ನಡುವೆ ಹಾದುಹೋದ ಬಂಡಿದಾರಿಯಂತೆ ಆ ಮೀಸಲು ಜಾಗ ಅಲ್ಲೇ ಉಳಿಯಿತು.

1 ಎಂ.ಬಿ. ಮೇಲೆ ಎಷ್ಟಿದೆ ಎಂದು ಕೇಳಿದರೆ ಆಗಿನ ಬಯೋಸ್ ಕೆ.ಬಿ. ಲೆಕ್ಕದಲ್ಲಿ, 16 ಬಿಟ್‌ಗಳ ಒಂದು ಅಂಕಿಯಲ್ಲಿ ಉತ್ತರ ಕೊಡುತ್ತಿತ್ತು. 16 ಬಿಟ್‌ಗಳಲ್ಲಿ ಹಿಡಿಸುವ ದೊಡ್ಡ ಅಂಕಿ 65,535; ಅಂದರೆ ಹೆಚ್ಚುಕಡಿಮೆ 64 ಎಂ.ಬಿ. 1990ರ ದಶಕದಲ್ಲಿ 128 ಎಂ.ಬಿ. ಹಾಕಿಸಿಕೊಂಡ ಅನೇಕ ಲಿನಕ್ಸ್ ಬಳಕೆದಾರರಿಗೆ ಅರ್ಧ ಮೆಮೊರಿ ಕಾಣದೆ ಹೋದದ್ದು ಇದರಿಂದಲೇ. ಬೂಟ್ ಆಗುವಾಗ ಇಷ್ಟಿದೆ ಎಂದು ಅವರೇ ಬರೆದು ತಿಳಿಸಬೇಕಿತ್ತು. ಇದ್ದುದಕ್ಕಿಂತ ಹೆಚ್ಚು ಬರೆದವರ ಯಂತ್ರ ಇಲ್ಲದ ನೆಲಕ್ಕೆ ಕಾಲಿಟ್ಟು ಬೀಳುತ್ತಿತ್ತು.

ಮುಂದೆ ಬಳಕೆಗೆ ಬಂದ ವಿಧಾನಕ್ಕೆ ಇ820 ಎಂಬ ಸಂಖ್ಯೆಯೇ ಹೆಸರು. ಇದು ಒಟ್ಟು ಮೊತ್ತವನ್ನಲ್ಲ, ಇಡೀ ಪಹಣಿಯನ್ನೇ ಕೊಡುತ್ತದೆ. ಪ್ರತಿ ಸಾಲಿನಲ್ಲೂ ಮೂರು ವಿವರ: ಜಾಗ ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ. ಬಗೆ 1 ಎಂದರೆ ಬಳಸಬಹುದು, 2 ಎಂದರೆ ಮೀಸಲು, 5 ಎಂದರೆ ಕೆಟ್ಟದ್ದು. ಪಟ್ಟಿ ಮುಗಿಯುವ ತನಕ ಕರ್ನೆಲ್ ಒಂದೊಂದೇ ಸಾಲು ಕೇಳಿ ಬರೆದುಕೊಳ್ಳುತ್ತದೆ. ಹೊಸ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇದೆ. ಅದೂ ಇಂಥದೇ ನಕ್ಷೆ ಕೊಡುತ್ತದೆ.

ಕೊಟ್ಟ ಪಹಣಿಯನ್ನು ಲಿನಕ್ಸ್ ಕಣ್ಣುಮುಚ್ಚಿ ನಂಬುವುದಿಲ್ಲ. ಒಂದೇ ಜಾಗವನ್ನು ಒಂದು ಸಾಲು ಖಾಲಿ ಎಂದು, ಇನ್ನೊಂದು ಮೀಸಲು ಎಂದು ಹೇಳಿದರೆ ಅದು ಮೀಸಲು ಎಂದೇ ತೀರ್ಮಾನ. ಮೆಮೊರಿಯನ್ನು 4,096 ಬೈಟ್‌ಗಳ ಪುಟಗಳಾಗಿ ಹಂಚುವುದರಿಂದ ಅಂಚಿನ ಚೂರುಪಾರುಗಳನ್ನು ಬಿಟ್ಟುಬಿಡುತ್ತದೆ. ತಾನು ಕುಳಿತ ಜಾಗವನ್ನೂ ಕಳೆಯುತ್ತದೆ. ಪುಟಗಳ ಲೆಕ್ಕ ಬರೆಯುವ ಖಾತೆಗೂ ಜಾಗ ಬೇಕಲ್ಲ! 64 ಬಿಟ್ ಲಿನಕ್ಸ್‌ನಲ್ಲಿ ಪುಟವೊಂದಕ್ಕೆ ಸಾಮಾನ್ಯವಾಗಿ 64 ಬೈಟ್, 8 ಜಿ.ಬಿ.ಗೆ 128 ಎಂ.ಬಿ. ಖಾತೆಗೇ ಹೋಯಿತು.

ಇಷ್ಟು ಅನುಮಾನ ಏಕೆ? ಪಹಣಿ ಬರೆದವನೇ ಗಡಿ ದಾಟುವುದುಂಟು. ಖಾಲಿ ಎಂದು ಒಪ್ಪಿಸಿದ ಕೆಳಗಿನ ಮೆಮೊರಿಯಲ್ಲಿ ಕೆಲವು ಬಯೋಸ್‌ಗಳು ಆಮೇಲೆ ತಾವೇ ಗೀಚುತ್ತಿದ್ದುದು ಪತ್ತೆಯಾಗಿದೆ. ಯಂತ್ರ ನಿದ್ದೆಯಿಂದ ಎದ್ದಾಗ ಹೀಗಾಗುತ್ತಿತ್ತು. ಮಾನಿಟರಿನ ಕೇಬಲ್ ಚುಚ್ಚಿದಾಗಲೂ ಆಗುತ್ತಿತ್ತು. ಕೇಬಲ್‌ಗೂ ಕೆಟ್ಟ ಫೈಲಿಗೂ ಸಂಬಂಧ ಕಲ್ಪಿಸಲು ಯಾರಿಗೆ ತಾನೇ ಸಾಧ್ಯ? ಲಿನಕ್ಸ್ ತಂಡ ಮೊದಲು ಕೆಳಗಿನ 64 ಕೆ.ಬಿ.ಯನ್ನು ಮುಟ್ಟದೆ ಬಿಟ್ಟಿತು. 2021ರ 5.13 ಆವೃತ್ತಿಯಿಂದ ಇಂಟೆಲ್ ಬಗೆಯ ಯಂತ್ರಗಳಲ್ಲಿ ಮೊದಲ 1 ಎಂ.ಬಿ. ಪೂರ್ತಿ ಮೀಸಲು. 1981ರಲ್ಲಿ ಇಡೀ ಪಿ.ಸಿ.ಗೆ ಇದ್ದ ವಿಳಾಸಗಳೇ ಅಷ್ಟು!

ಇರುವ ಜಾಗವನ್ನು ಇಲ್ಲ ಎಂದರೆ ಚೂರು ಮೆಮೊರಿ ನಷ್ಟ. ಇಲ್ಲದ್ದನ್ನು ಇದೆ ಎಂದರೆ ನಷ್ಟ ಬಳಕೆದಾರನ ಬರಹಕ್ಕೆ. ಕರ್ನೆಲ್ ಮೊದಲನೆಯದನ್ನೇ ಆರಿಸಿಕೊಂಡಿದೆ. ಹಾಗಾಗಿ 8 ಜಿ.ಬಿ. ಕೊಂಡವನಿಗೆ ಏಳೂವರೆ ಕಂಡರೆ ಅಂಗಡಿಯವನೊಡನೆ ಜಗಳಕ್ಕಿಳಿಯಬೇಕಿಲ್ಲ. ತೆರೆಯ ಚಿತ್ರಕ್ಕೂ ಅದರಲ್ಲಿ ಪಾಲು ಹೋಗಿರುತ್ತದೆ. ನಾಲ್ಕೇ ಕಂಡರೆ ಮಾತ್ರ ಡಬ್ಬಿ ಬಿಚ್ಚಿಸಿ, ಮೆಮೊರಿ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡಿಸುವುದು ಒಳ್ಳೆಯದು.