ಅಂತ್ಯಕಾಲದ ದಾನ

ವೃತ್ರನ ವಧೆಗೆ ಅನ್ಯ ಆಯುಧವಿಲ್ಲದಿರಲು, ದೇವತೆಗಳ ಬೇಡಿಕೆಯಂತೆ ದಧೀಚಿ ಮಹರ್ಷಿಯು ತನ್ನ ಅಸ್ಥಿಗಳನ್ನೇ ಕೊಟ್ಟ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಅಂತಹ ದಾನವು ಈಗಿನ ಕಾಲದಲ್ಲಿಯೂ ನಡೆಯುತ್ತಿರುವ ಬಗೆಯನ್ನು ಈ ತಿಂಗಳು ಅರಿಕೆ ಮಾಡುವೆವು.

ಎಚ್‌ಐವಿ ಎಂಬ ವೈರಾಣುವನ್ನು ೧೯೮೩ರಲ್ಲಿ ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರು. ೧೯೯೬ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು ಬಂದು, ಮರಣೋನ್ಮುಖರಾಗಿದ್ದವರು ಬದುಕಿದರು. ನಮ್ಮ ದೇಶದಲ್ಲಿಯೂ ೨೦೦೪ರಿಂದ ಸರಕಾರವು ಇದನ್ನು ಉಚಿತವಾಗಿ ಕೊಡುತ್ತಿರುವುದು. ಔಷಧವನ್ನು ತಪ್ಪದೆ ಸೇವಿಸಿದರೆ, ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸುವುದು. ನಿಲ್ಲಿಸಿದರೋ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುವುದು. ಹಾಗಾದರೆ ಅಷ್ಟು ಕಾಲ ಅದು ಅಡಗಿದ್ದುದೆಲ್ಲಿ?

ಈ ವೈರಾಣುವು ನಮ್ಮ ಜೀವಕೋಶದ ವಂಶವಾಹಿಯೊಳಗೆ ತನ್ನ ಬೀಜವನ್ನು ಸೇರಿಸಿ, ಬೂದಿ ಮುಚ್ಚಿದ ಕೆಂಡದಂತೆ ಸುಮ್ಮನಿರಬಲ್ಲುದು. ವೃದ್ಧಿಯಾಗುವ ವೈರಾಣುವನ್ನು ತಡೆಯುವ ಔಷಧವು ಹೀಗೆ ಮಲಗಿರುವುದನ್ನು ಮುಟ್ಟಲಾರದು. ಅದರ ಅಡಗುದಾಣಗಳಲ್ಲಿ ಮಿದುಳು ಅತಿ ದುರ್ಗಮವಾದುದು. ಅಲ್ಲಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು, ವಿಷಗಳನ್ನು ತಡೆಯುವಂತೆಯೇ ಅನೇಕ ಔಷಧಗಳನ್ನೂ ತಡೆಯುವುವು. ಒಳಗೆ ಮಿದುಳನ್ನು ಕಾಯುವ ಮೈಕ್ರೋಗ್ಲಿಯಾ ಎಂಬ ಕೋಶಗಳುಂಟು. ಅವು ಬಹುಕಾಲ ಬಾಳುವಂತಹವು. ವೈರಾಣುವು ಇವುಗಳಲ್ಲಿಯೇ ನೆಲೆಸುವುದು. ತಳವಾರನ ಮನೆಯಲ್ಲಿಯೇ ಕಳ್ಳನು ಬಿಡಾರ ಹೂಡಿದಂತಾಯಿತು!

ಬದುಕಿರುವವರ ಮಿದುಳನ್ನು ಇದಕ್ಕಾಗಿ ಕೊಯ್ದು ನೋಡುವುದು ಸಾಧ್ಯವೇ? ಇಲ್ಲಿಯೇ ದಾನಿಗಳ ಮಾತು ಬರುವುದು. ಅಮೆರಿಕದ ಸ್ಯಾನ್ ಡಿಯಾಗೋ ನಗರದ ವಿಶ್ವವಿದ್ಯಾಲಯದಲ್ಲಿ 'ಲಾಸ್ಟ್ ಗಿಫ್ಟ್', ಅಂದರೆ ಕಡೆಯ ಕಾಣಿಕೆ, ಎಂಬ ಸಂಶೋಧನೆ ನಡೆದಿದೆ. ಎಚ್‌ಐವಿಯೊಡನೆ ಬಾಳಿ, ಈಗ ಅರ್ಬುದವೇ ಮೊದಲಾದ ವ್ಯಾಧಿಯಿಂದ ಅವಸಾನವನ್ನು ಸಮೀಪಿಸಿರುವವರು ತಮ್ಮ ದೇಹವನ್ನು ಇದಕ್ಕೆ ಒಪ್ಪಿಸುವರು. ಮರಣಾನಂತರ ಕೆಲವೇ ಗಂಟೆಗಳೊಳಗೆ ಮಿದುಳು ಮುಂತಾದ ಅಂಗಗಳ ಅಂಶವನ್ನು ಸಂಗ್ರಹಿಸುವರು. ಇದರಿಂದ ತಮಗೆ ಲಾಭವಿಲ್ಲವೆಂದು ಅರಿತೇ ಅವರು ಕೊಡುವರು. ಇಂತಹ ದಾನಿಗಳ ಮಿದುಳನ್ನು ಪರೀಕ್ಷಿಸಿದ ನಾರ್ತ್ ಕೆರೊಲಿನಾದ ವಿಜ್ಞಾನಿಗಳು, ಔಷಧಸೇವನೆಯಲ್ಲಿದ್ದವರ ಮೈಕ್ರೋಗ್ಲಿಯಾದಲ್ಲಿಯೂ ಮತ್ತೆ ವೃದ್ಧಿಯಾಗಬಲ್ಲ ವೈರಾಣುವಿರುವುದನ್ನು ೨೦೨೩ರಲ್ಲಿ ಪ್ರಕಟಿಸಿದರು.

ಇನ್ನು ಅದನ್ನು ಹೊರಡಿಸುವ ಬಗೆ ಹೇಗೆ? ಮಲಗಿರುವುದನ್ನು ಎಬ್ಬಿಸಿ ಕೊಲ್ಲುವುದು ಒಂದು ಮಾರ್ಗ. ಆದರೆ ಎಬ್ಬಿಸಿದಾಗ ಮಿದುಳಿನಲ್ಲಿ ಉರಿಯೂತವುಂಟಾದರೆ ಅಪಾಯ. ವಂಶವಾಹಿಯಿಂದ ಅದನ್ನು ಕತ್ತರಿಸಿ ತೆಗೆಯುವುದು ಇನ್ನೊಂದು. ಆ ಕತ್ತರಿಯನ್ನು ಮಿದುಳಿನ ಕೋಶಕೋಶಕ್ಕೂ ತಲುಪಿಸುವುದೇ ಕಷ್ಟ. ಎರಡೂ ಇನ್ನೂ ಪ್ರಯೋಗದ ಅವಸ್ಥೆಯಲ್ಲಿವೆ.

ಆದುದರಿಂದ, ಔಷಧ ಸೇವಿಸುವವರು ವೈದ್ಯರ ಮಾತನ್ನು ಮೀರಿ ಅದನ್ನು ಬಿಡದಿರಲಿ. ಇಂತಹವರಿಗೆ ಪಂಕ್ತಿಯಲ್ಲಿ ಎಲೆ ಹಾಕಲು ಹಿಂಜರಿಯುವ ಮನೆಗಳು ಇನ್ನೂ ಉಂಟು. ಸಹಭೋಜನದಿಂದಾಗಲಿ ಸ್ಪರ್ಶದಿಂದಾಗಲಿ ಈ ರೋಗವು ಅಂಟದು. ಲೋಕಕ್ಕೆ ತಮ್ಮ ದೇಹವನ್ನೇ ಕೊಟ್ಟವರ ಬಂಧುಗಳಿಗೆ ನಾವು ಒಂದು ಎಲೆಯನ್ನು ಹಾಕಲಾರೆವೇ?