ಹಿತ್ತಲ ಮಂಟಪ, ಹಿಂದಿನ ಮನೆಯ ಕಿಟಕಿ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಬೆಂಗಳೂರಿನ ಮಟ್ಟಿಗೆ ಅರ್ಥ ಕಳೆದುಕೊಂಡು ಬಹಳ ಕಾಲವಾಯಿತು. ಗಿಡ ಮದ್ದೋ ಅಲ್ಲವೋ ಎಂಬ ಚರ್ಚೆ ಏಳಬೇಕಾದರೆ ಮೊದಲು ಹಿತ್ತಲೆಂಬುದು ಇರಬೇಕಷ್ಟೆ. 30x40 ಅಡಿಯ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿ, ಹಿಂಭಾಗದ ಮೂರಡಿ ಜಾಗವನ್ನೂ ಸಿಮೆಂಟಿನಿಂದ ಮುಚ್ಚುವ ಈ ನಗರದಲ್ಲಿ ಹಿತ್ತಲು ಉಳಿದಿರುವುದು ಹಳೆಯ ಬಡಾವಣೆಗಳ ಕೆಲವು ಮನೆಗಳಲ್ಲಿ ಮತ್ತು ಹೊರವಲಯದ ವಿಲ್ಲಾಗಳಲ್ಲಿ. ಹಾಗೆ ಉಳಿದ ಹಿತ್ತಲುಗಳಲ್ಲಿ ಈಗ ಹೊಸ ಬೆಳೆಯೊಂದು ತಲೆಯೆತ್ತುತ್ತಿದೆ. ಅದರ ಹೆಸರು ಗೆಜೆಬೊ. ನಾಲ್ಕು ಕಂಬ, ಮೇಲೊಂದು ಇಳಿಜಾರಿನ ಚಾವಣಿ, ಕೆಳಗೆ ಮರದ ಹಲಗೆಗಳ ಡೆಕ್, ಎದುರಿಗೆ ದೊಡ್ಡದೊಂದು ಟೆಲಿವಿಷನ್, ಸುತ್ತ ಬೆತ್ತದ ಕುರ್ಚಿಗಳು.

ಇದನ್ನು ಉಳ್ಳವರ ಶೋಕಿ ಎಂದು ಹೀಗಳೆದು ಲೇಖನ ಮುಗಿಸುವುದು ಸುಲಭ. ಆದರೆ ಆ ಹಕ್ಕು ನನಗಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಹಿತ್ತಲಿನಲ್ಲೂ ಅಂಥದೊಂದು ಎದ್ದು ನಿಂತಿತು. ಅದನ್ನು ಕಟ್ಟಿಸಿದವನೂ ನಾನೇ, ಅದರಲ್ಲಿ ಕುಳಿತು ಸುಖಪಟ್ಟವನೂ ನಾನೇ. ಆ ಸುಖದ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು ಎಂಬುದು ನನಗೆ ತಡವಾಗಿ ತಿಳಿಯಿತು.

ಆಸೆ ಹುಟ್ಟಿದ್ದು ಅಮೆರಿಕದ ಟೆಕ್ಸಾಸಿನಲ್ಲಿರುವ ಮಗಳ ಮನೆಯಲ್ಲಿ. ಅಲ್ಲಿ ಮನೆಯ ಹಿಂದಿನ ಡೆಕ್ ಎಂಬುದು ಹೆಚ್ಚೂಕಡಿಮೆ ಇನ್ನೊಂದು ಕೋಣೆ. ಸಂಜೆಯಾದರೆ ಅಳಿಯಂದಿರು ಕೆಲಸ ಮುಗಿಸಿ ಬಂದು ಅಲ್ಲಿ ಕೂರುತ್ತಿದ್ದರು. ಮಂಟಪದ ಕಂಬಕ್ಕೆ ತಗುಲಿಸಿದ ಟಿ.ವಿ.ಯಲ್ಲಿ ಆಟವೋ ಸುದ್ದಿಯೋ ಓಡುತ್ತಿತ್ತು. ಪಕ್ಕದ ಮನೆ ಎಷ್ಟು ದೂರವಿತ್ತೆಂದರೆ, ಅಲ್ಲಿ ಯಾರಿದ್ದಾರೆಂಬುದು ಎರಡು ತಿಂಗಳಾದರೂ ನನಗೆ ತಿಳಿಯಲಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ವರ್ಷದ ಬಹುಪಾಲು ಸಂಜೆಗಳು ಹಿತವಾಗಿರುವ ನಮ್ಮ ಊರಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇನ್ನಾವುದಿದ್ದೀತು ಎನಿಸಿತು. ಹಿಂದಿರುಗಿದವನೇ ಬಡಗಿಯನ್ನು ಕರೆಸಿದೆ.

ನಾನು ಮರೆತ ಸಂಗತಿಯೊಂದಿತ್ತು. ನಮ್ಮದು 40x60 ಅಡಿಯ ನಿವೇಶನ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿರುವಂತೆ ಇಲ್ಲಿಯೂ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಮ್ಮ ಹಿತ್ತಲಿನ ಗೋಡೆಯಾಚೆಗಿರುವುದು ಹಿಂದಿನ ಬೀದಿಯ ಮನೆಯವರ ಹಿತ್ತಲು. ಗೋಡೆಯ ಮೇಲಿಂದ ಕಾಣುವುದು ಅವರ ಅಡುಗೆಮನೆಯ ಕಿಟಕಿ. ಮೂವತ್ತು ವರ್ಷಗಳಿಂದ ನಮ್ಮ ತಾಯಿ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಆ ಮನೆಯ ಹಿರಿಯ ಗೃಹಿಣಿ ಆ ಕಿಟಕಿಯಲ್ಲಿ ನಿಂತು, ದಿನಕ್ಕೊಮ್ಮೆಯಾದರೂ ಮಾತನಾಡಿಕೊಳ್ಳುತ್ತಿದ್ದರು. 'ಏನ್ರೀ, ತಿಂಡಿ ಆಯ್ತಾ?' ಎಂದು ಆರಂಭವಾಗುವ ಆ ಮಾತಿಗೆ ವಿಷಯವೆಂಬುದು ಬೇಕಿರಲಿಲ್ಲ. ಕರಿಬೇವು ಈ ಕಡೆಯಿಂದ ಆ ಕಡೆಗೆ, ಹಬ್ಬದ ಒಬ್ಬಟ್ಟು ಆ ಕಡೆಯಿಂದ ಈ ಕಡೆಗೆ ಗೋಡೆ ದಾಟುತ್ತಿದ್ದವು.

ಮಂಟಪ ಎಂಬುದು ನಮಗೆ ಹೊಸದಲ್ಲ. ದೇವಸ್ಥಾನದ ಮಂಟಪ, ಮದುವೆಮನೆಯ ಚಪ್ಪರ, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ - ಇವೆಲ್ಲವೂ ಗೋಡೆಯಿಲ್ಲದ ಕಟ್ಟಡಗಳು. ಗೋಡೆಯಿಲ್ಲದಿರುವುದರಿಂದಲೇ ಅವು ಎಲ್ಲ ದಿಕ್ಕುಗಳಿಂದ ಬರುವವರಿಗೂ ತೆರೆದುಕೊಂಡಿರುತ್ತವೆ. ನಮ್ಮ ಹಳೆಯ ಮನೆಗಳ ಜಗಲಿಯಂತೂ ಬೀದಿಗೆ ಮುಖ ಮಾಡಿಯೇ ಇರುತ್ತಿತ್ತು. ದಾರಿಹೋಕನೂ ಅದರ ಅಂಚಿನಲ್ಲಿ ಕುಳಿತು ನೀರು ಕೇಳಬಹುದಿತ್ತು. ಇಂಥ ಮಂಟಪದೊಳಗೆ ಟಿ.ವಿ.ಯನ್ನು ತಂದಿರಿಸಿದ ಕೂಡಲೇ ಅದಕ್ಕೊಂದು ದಿಕ್ಕು ಹುಟ್ಟುತ್ತದೆ. ಕುರ್ಚಿಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ. ಉಳಿದ ಮೂರು ಕಡೆಗಳಿಗೆ ಬೆನ್ನು. ಗೋಡೆ ಕಟ್ಟದೆಯೇ ಗೋಡೆ ಎದ್ದಂತೆ. ನಮ್ಮ ಮಂಟಪದಲ್ಲಿ ಪರದೆಯನ್ನು ಮನೆಯ ಹಿಂಗೋಡೆಗೆ ತಗುಲಿಸಿದ್ದೆವು. ಹಾಗಾಗಿ ನಮ್ಮ ಬೆನ್ನು ಆ ಕಿಟಕಿಯ ಕಡೆಗೆ, ಟಿ.ವಿ.ಯ ಧ್ವನಿಯೂ ಆ ಕಿಟಕಿಯ ಕಡೆಗೆ. ತಾಯಿ ಕೂರುತ್ತಿದ್ದ ಮೆಟ್ಟಿಲು ಡೆಕ್ಕಿನ ಅಡಿಯಲ್ಲಿ ಮುಚ್ಚಿಹೋಯಿತು.

ಹಾಗೆಂದು ಟೆಲಿವಿಷನ್ ಹುಟ್ಟಿನಿಂದಲೇ ಜನರನ್ನು ಬೇರ್ಪಡಿಸುವ ಯಂತ್ರವೇನೂ ಅಲ್ಲ. ಕರ್ನಾಟಕದ ಹಳ್ಳಿಗಳಿಗೆ ಅದು ಕಾಲಿಟ್ಟ ಬಗೆಯನ್ನು ನೆನೆಯಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷದ ಕಾಲ, ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ನಮ್ಮ ವಿಜ್ಞಾನಿಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸಿದರು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ. ಊರಿಗೆಲ್ಲ ಒಂದೇ ಟಿ.ವಿ. ಸಂಜೆ ಅದರ ಮುಂದೆ ಕೂರುತ್ತಿದ್ದದ್ದು ಒಂದು ಕುಟುಂಬವಲ್ಲ, ಒಂದು ಊರು. ಆಮೇಲೆ 1987-88ರಲ್ಲಿ ದೂರದರ್ಶನದಲ್ಲಿ ಭಾನುವಾರಗಳಂದು 'ರಾಮಾಯಣ' ಬರುತ್ತಿದ್ದಾಗ, ಟಿ.ವಿ. ಇದ್ದ ಮನೆಯವರು ಇಲ್ಲದವರಿಗಾಗಿ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದುದನ್ನು ನನ್ನ ತಲೆಮಾರಿನವರು ಮರೆತಿರಲಾರರು. ಅಲ್ಲಿಂದ ಟಿ.ವಿ. ನಡುಮನೆಯಿಂದ ಮಲಗುವ ಕೋಣೆಗೆ, ಕೋಣೆಯಿಂದ ಅಂಗೈಗೆ ಸರಿಯಿತು. ಈಗ ಹಿತ್ತಲಿಗೆ ಬಂದು ಮತ್ತೆ ಆಕಾಶದ ಕೆಳಗೆ ನಿಂತಿದೆ. ಬಯಲಿಗೇನೋ ಬಂತು, ಊರು ಮಾತ್ರ ಜೊತೆಗೆ ಬರಲಿಲ್ಲ.

ಮೊದಲ ಪಾಠವನ್ನು ಕಲಿಸಿದ್ದು ಮಳೆ. ಡೆಕ್ ಗಟ್ಟಿಯಾಗಿ ನಿಲ್ಲಬೇಕೆಂದು 12x18 ಅಡಿಯ ಜಾಗಕ್ಕೆ ಕಾಂಕ್ರೀಟ್ ಸುರಿಸಿದ್ದೆ. ಅದೇ ವರ್ಷದ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನಗರ ತತ್ತರಿಸಿತ್ತು. ಕಟ್ಟಡ ಕಾಮಗಾರಿಗೆ, ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ನಾನು ಟ್ಯಾಂಕರ್ ನೀರು ತರಿಸಿ ಕಾಂಕ್ರೀಟ್ ಕಲಸಿಸಿದೆ. ಕಾನೂನನ್ನು ಪಾಲಿಸಿದೆನೆಂಬ ಸಮಾಧಾನವೂ ಇತ್ತು. ಜೂನ್ 2ರಂದು ಒಂದೇ ದಿನ ಬೆಂಗಳೂರಿನಲ್ಲಿ ಸುಮಾರು 111 ಮಿಲಿಮೀಟರ್ ಮಳೆ ಸುರಿಯಿತು. ಲೆಕ್ಕ ಸರಳವಾದುದು: ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಾನು ಮುಚ್ಚಿದ್ದು 20 ಚದರ ಮೀಟರ್. ಮಣ್ಣು ಕುಡಿಯಬೇಕಿದ್ದ ಸುಮಾರು 2,200 ಲೀಟರ್ ನೀರು ಅಂದು ದಾರಿ ಹುಡುಕುತ್ತ ಗೋಡೆಯ ಬುಡಕ್ಕೆ ನುಗ್ಗಿ, ಆಚೆಯವರ ಹಿತ್ತಲನ್ನು ಕೆರೆಯಾಗಿಸಿತು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಎಂದುಕೊಂಡರೂ, ಅಷ್ಟು ಜಾಗದಿಂದ ವರ್ಷಕ್ಕೆ 19,000 ಲೀಟರಿಗೂ ಹೆಚ್ಚು ನೀರನ್ನು, ಅಂದರೆ 6,000 ಲೀಟರಿನ ಮೂರು ಟ್ಯಾಂಕರುಗಳಷ್ಟನ್ನು, ನಾನು ನೆಲದಿಂದ ಕಸಿದುಕೊಂಡಂತಾಯಿತು. ಬೇಸಿಗೆಯಲ್ಲಿ ಅದೇ ನೀರಿಗಾಗಿ ಟ್ಯಾಂಕರಿನವನ ದಾರಿ ಕಾಯುವವನೂ ನಾನೇ.

ಎರಡನೆಯ ಪಾಠ ಅದೇ ತಿಂಗಳ 29ರ ರಾತ್ರಿಯದು. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ನಮ್ಮೂರಿನವರೇ ಆದ ರಾಹುಲ್ ದ್ರಾವಿಡ್ ತಂಡದ ತರಬೇತುದಾರರು. ಆಟ ಶುರುವಾದದ್ದು ನಮ್ಮ ಕಾಲಮಾನದಲ್ಲಿ ರಾತ್ರಿ ಎಂಟಕ್ಕೆ. ನೆಂಟರು, ಮಗನ ಸ್ನೇಹಿತರು ಸೇರಿ ಹಿತ್ತಲಿನಲ್ಲಿ ಇಪ್ಪತ್ತು ಜನ. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯ ಬಳಿ ಆ ಕ್ಯಾಚ್ ಹಿಡಿದಾಗ, ಏಳು ರನ್ನುಗಳಿಂದ ಭಾರತ ಗೆದ್ದಾಗ, ನಾವು ಕೂಗಿದ ಕೂಗಿಗೆ ಬೀದಿನಾಯಿಗಳೂ ದನಿಗೂಡಿಸಿದವು. ಆಗ ಹನ್ನೊಂದೂವರೆಯ ಸಮಯ. ಹಿಂದಿನ ಮನೆಯ ಯಜಮಾನರು ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಆಸ್ಪತ್ರೆಯಿಂದ ಮರಳಿ ಮೂರೇ ದಿನವಾಗಿತ್ತೆಂಬುದು ನಮಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲಿನ ಮಾತು ಉಳಿದಿದ್ದರೆ ಗೊತ್ತಿರುತ್ತಿತ್ತು.

ಅವರು ಜಗಳಕ್ಕೆ ಬರಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆ ಕಿಟಕಿ ಮುಚ್ಚಿತ್ತು. ಮಾರನೆಯ ದಿನವೂ ಮುಚ್ಚಿತ್ತು. ಒಂದು ವಾರದ ಬಳಿಕ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: 'ಅವರು ಊರಲ್ಲಿಲ್ವೇನೋ?'

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್‌ಗಳ ಮಿತಿಯಿದೆ. ಖಾಸಗಿ ಧ್ವನಿಸಾಧನದ ಸದ್ದು ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದೆಂದೂ ನಿಯಮವಿದೆ. ಇಲ್ಲಿ ಗಮನಿಸಬೇಕಾದುದು ಅಂಕಿಗಿಂತ ಹೆಚ್ಚಾಗಿ ಅಳತೆಯ ಜಾಗವನ್ನು. ನನ್ನ ಕಿವಿಗೆ ಸದ್ದು ಎಷ್ಟು ಎಂದು ಕಾನೂನು ಕೇಳುವುದಿಲ್ಲ. ಗೋಡೆಯ ಬಳಿ ಎಷ್ಟು ಎಂದು ಕೇಳುತ್ತದೆ. ಒಲ್ಲದ ಸದ್ದನ್ನು ಕೇಳದಿರುವ ಹಕ್ಕು ನೆಮ್ಮದಿಯ ಬದುಕಿನ ಭಾಗವೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಎತ್ತಿಹಿಡಿದಿದೆ. ನಿವೇಶನದ ಕ್ರಯಪತ್ರ ನನಗೆ ಕೊಟ್ಟಿರುವುದು ನೆಲವನ್ನು. ಆ ನೆಲದ ಮೇಲಿನಿಂದ ಹರಿಯುವ ನೀರು, ಸದ್ದು, ಬೆಳಕುಗಳನ್ನು ಯಾವ ಪತ್ರವೂ ಯಾರ ಹೆಸರಿಗೂ ಬರೆದುಕೊಡುವುದಿಲ್ಲ.

ಹಾಗಾದರೆ ಮಂಟಪವನ್ನು ಕೆಡವಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಕೋಣೆಯೊಳಗೆ ಒಬ್ಬೊಬ್ಬರೇ ಮೊಬೈಲಿಗೆ ತಲೆಬಗ್ಗಿಸಿ ಕೂರುವುದಕ್ಕಿಂತ ಮನೆಮಂದಿಯೆಲ್ಲ ಗಾಳಿಬೆಳಕಿನಲ್ಲಿ ಒಟ್ಟಿಗೆ ಕೂರುವುದು ಎಷ್ಟೋ ಲೇಸು. ಬದಲಾಗಬೇಕಾದುದು ಕಟ್ಟುವ ಕ್ರಮ. ನಾವು ಕಾಂಕ್ರೀಟನ್ನು ಒಡೆಸಿ, ಕಂಬ ಮತ್ತು ಅಡ್ಡತೊಲೆಗಳ ಕೆಳಗೆ ಮಾತ್ರ ಕಲ್ಲುಗಳನ್ನಿಟ್ಟು, ಉಳಿದ ನೆಲವನ್ನು ಮಣ್ಣಾಗಿಯೇ ಬಿಟ್ಟೆವು. ಹಲಗೆಗಳ ನಡುವೆ ಬೆರಳಗಲಕ್ಕಿಂತ ಕಡಿಮೆ ಸಂದು. ನೀರು ಅದರೊಳಗಿಂದ ಇಳಿದು ಮಣ್ಣು ಸೇರುತ್ತದೆ. ಡೆಕ್ಕಿನ ಅಡಿಯಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಜಲ್ಲಿ ಹಾಸಿದೆವು. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ನಿಂತ ತಿಳಿನೀರಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದುದನ್ನು ಹಿತ್ತಲುಳ್ಳವರು ಮರೆಯಬಾರದು. ಚಾವಣಿಯ ನೀರನ್ನು ದೋಣಿಕೊಳವೆಯ ಮೂಲಕ ಇಂಗುಗುಂಡಿಗೆ ಹರಿಸಿದೆವು. ಬಯಲಿನ ವಿದ್ಯುತ್ ಸಂಪರ್ಕಕ್ಕೆ ಭೂಸಂಪರ್ಕವನ್ನೂ, ಸೋರಿಕೆಯಾದರೆ ಕ್ಷಣದಲ್ಲಿ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್ ರಕ್ಷಣಾ ಸ್ವಿಚ್ಚನ್ನೂ ಹಾಕಿಸಿದೆವು. ಮೊದಲು ಅದಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟಿ.ವಿ.ಯನ್ನು ಮನೆಯ ಗೋಡೆಯಿಂದ ತೆಗೆದು ಎದುರುಬದಿಗೆ, ಬಾಗಿಲುಳ್ಳ ಕಪಾಟಿನೊಳಗೆ ಇರಿಸಿದೆವು. ಈಗ ಧ್ವನಿ ನಮ್ಮ ಮನೆಯ ಕಡೆಗೇ ಬರುತ್ತದೆ. ಅಷ್ಟೇ ಮಾಡಿದ ಮೇಲೆ ಒಂದು ಚಮತ್ಕಾರ ಕಂಡಿತು: ಮೊದಲು ಸಾಲದೆನಿಸುತ್ತಿದ್ದ ಧ್ವನಿ ಈಗ ನಮಗೇ ಜಾಸ್ತಿಯೆನಿಸಿ ತಗ್ಗಿಸತೊಡಗಿದೆವು. ಹತ್ತು ಗಂಟೆಗೆ ಕಪಾಟಿನ ಬಾಗಿಲು ಮುಚ್ಚುತ್ತದೆ, ಫೈನಲ್ ಇದ್ದರೂ ಸರಿಯೇ. ಉಳಿದ ಆಟ ಒಳಗೆ. ಮಗನಿಗೆ ಇದು ಅತಿಯಾಯಿತೆಂಬ ಅಸಮಾಧಾನವಿದೆ. ಇರಲಿ.

ಹಿತ್ತಲನ್ನು ಮುಚ್ಚಿದಾಗ ನಮ್ಮನ್ನು ಯಾರೂ ಬಂದು ಕೇಳಲಿಲ್ಲ. ಮನೆ ಕಟ್ಟುವಾಗ ಮಳೆನೀರು ಸಂಗ್ರಹದ ಬಗ್ಗೆ ಕೇಳುವ ಊರು, ಕಟ್ಟಿದ ಮೇಲೆ ಉಳಿದ ಮಣ್ಣಿನ ಗತಿಯೇನು ಎಂದೂ ಕೇಳಬೇಕು. ವಿಲ್ಲಾ ಬಡಾವಣೆಗಳ ನಿವಾಸಿ ಸಂಘಗಳು ಗೋಡೆಯ ಬಣ್ಣಕ್ಕೆ ನಿಯಮ ಮಾಡುವಷ್ಟೇ ಆಸಕ್ತಿಯಿಂದ ಇದಕ್ಕೂ ನಿಯಮ ಮಾಡಬಹುದು. ಆದರೆ ಎಲ್ಲವನ್ನೂ ನಿಯಮಕ್ಕೆ ಬಿಡಲಾಗದು. ಹಿತ್ತಲಿನಲ್ಲಿ ಮಂಟಪ ಕಟ್ಟಿಸಲು ಹೊರಟವರು ಪರದೆ ಎಷ್ಟು ಇಂಚಿನದು, ಹಲಗೆ ಯಾವ ಮರದ್ದು ಎಂದು ವಿಚಾರಿಸುವ ಮುನ್ನ ಒಂದು ಸಂಜೆ ಆ ಜಾಗದಲ್ಲಿ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂರಲಿ. ಯಾರ ಕಿಟಕಿ ಕಾಣುತ್ತದೆ, ಯಾರ ಮಾತು ಕೇಳುತ್ತದೆ, ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಲಿ. ಸಾಧ್ಯವಾದರೆ ಗೋಡೆಯಾಚೆಗಿನವರಿಗೆ ಒಂದು ಮಾತು ಹೇಳಲಿ.

ನಾನು ಆ ಮಾತನ್ನು ಹೇಳಿದ್ದು ಎಲ್ಲವೂ ಮುಗಿದ ಮೇಲೆ, ಅವರ ಮನೆಗೆ ಹೋಗಿ, ತಲೆತಗ್ಗಿಸಿ. ಯಜಮಾನರು ಚೇತರಿಸಿಕೊಂಡಿದ್ದರು, ಕಾಫಿ ಕೊಟ್ಟು ಕಳುಹಿಸಿದರು. ತಾಯಿಗಾಗಿ ಡೆಕ್ಕಿನ ಒಂದು ಮೂಲೆಯ ಹಲಗೆಗಳನ್ನು ತೆಗೆಸಿ ಹಳೆಯ ಮೆಟ್ಟಿಲನ್ನು ಬಿಡಿಸಿದ್ದೇನೆ. ಕಿಟಕಿ ಈಗ ತೆರೆದಿರುತ್ತದೆ, ಮೊದಲಿನಷ್ಟು ಹೊತ್ತಲ್ಲ. ಮೂವತ್ತು ವರ್ಷಗಳಲ್ಲಿ ಬೆಳೆದದ್ದು ಒಂದು ರಾತ್ರಿಯಲ್ಲಿ ಬಾಡಿದರೆ ಮತ್ತೆ ಚಿಗುರಲು ಕಾಲ ಬೇಕು. ಹಿತ್ತಲ ಗಿಡ ಮದ್ದಲ್ಲವೆಂದು ಹೇಳಿದ ಹಿರಿಯರು ಹಿತ್ತಲ ನೆರೆಯ ಬಗ್ಗೆ ಹಾಗೆ ಹೇಳಿಲ್ಲ ಎಂಬುದನ್ನಾದರೂ ನಾವು ನೆನಪಿಡಬೇಕು.